ಚಿಲಮತ್ತೂರಿನ ದಾರಿ, ಸೋಲ್‌ನ ಪರದೆ

ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ರಾಷ್ಟ್ರೀಯ ಹೆದ್ದಾರಿ 44 ಬಾಗೇಪಲ್ಲಿ ದಾಟಿದ ಮೇಲೆ ಆಂಧ್ರದ ನೆಲ ಸೇರುತ್ತದೆ. ಕೊಡಿಕೊಂಡ ಚೆಕ್‌ಪೋಸ್ಟಿನ ಬಳಿ ಎಡಕ್ಕೆ ಹೊರಳಿದರೆ ಚಿಲಮತ್ತೂರು, ಲೇಪಾಕ್ಷಿ, ಹಿಂದೂಪುರ. ನೇರ ಸಾಗಿದರೆ ಪೆನುಕೊಂಡ ಸೀಮೆಯ ಎರ್ರಮಂಚಿ. ದಕ್ಷಿಣ ಕೊರಿಯಾದ ಕಿಯಾ ಕಂಪನಿ ಆಂಧ್ರ ಸರ್ಕಾರದೊಂದಿಗೆ 2017ರ ಏಪ್ರಿಲ್‌ನಲ್ಲಿ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 3 ಲಕ್ಷ ಕಾರು ತಯಾರಿಸಬಲ್ಲ ಕಾರ್ಖಾನೆ ಕಟ್ಟಿದ್ದು ಅಲ್ಲಿ. 2019ರ ಆಗಸ್ಟ್‌ನಲ್ಲಿ ಸೆಲ್ಟೋಸ್ ಮಾರುಕಟ್ಟೆಗೆ ಬಂತು. ಮಳೆಗಾಗಿ ಮುಗಿಲು ನೋಡುತ್ತಿದ್ದ ಸೀಮೆಗೆ ಹಂದ್ರಿ-ನೀವಾ ಕಾಲುವೆಯ ನೀರು ಬಂದು, ಗೊಲ್ಲಪಲ್ಲಿ ಜಲಾಶಯದಿಂದ ಕಾರ್ಖಾನೆಗೆ ಹರಿಯಿತು. ಹೆದ್ದಾರಿಯ ಪಕ್ಕದಲ್ಲಿ ಕೊರಿಯನ್ ಅಕ್ಷರದ ಬೋರ್ಡುಗಳೂ ಎದ್ದವು.

1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಈ ಸೀಮೆಯ ಆಡಳಿತ ಬಳ್ಳಾರಿಯಿಂದ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರು ಇಲ್ಲಿ ಇಂದಿಗೂ ಇದ್ದಾರೆ. ಈಗ ಅವರ ನಡುವೆ ಬಂದು ನೆಲೆಸಿರುವ ಕೊರಿಯನ್ನರ ನಾಡಿನಲ್ಲಿ, ಮೋಟಾರು ವಾಹನಗಳ ಕುರಿತ ಒಂದು ವಿದೇಶಿ ಟೀವಿ ಕಾರ್ಯಕ್ರಮ ಅವರದೇ ಭಾಷೆಯಲ್ಲಿ ಹೊಸ ಜನ್ಮ ಪಡೆದಿತ್ತು. ಅದು ‘ಟಾಪ್ ಗೇರ್ ಕೊರಿಯಾ’.

ಮೂಲ ‘ಟಾಪ್ ಗೇರ್’ ಬ್ರಿಟನ್ನಿನದು. 1977ರಲ್ಲಿ ಬಿಬಿಸಿಯ ಬರ್ಮಿಂಗ್‌ಹ್ಯಾಮ್ ಕೇಂದ್ರ ಅದನ್ನು ಗ್ರಾಹಕರಿಗೆ ತಿಳಿವಳಿಕೆ ಕೊಡುವ ಸಾದಾ ಕಾರ್ಯಕ್ರಮವಾಗಿ ಆರಂಭಿಸಿತು. 2001ರಲ್ಲಿ ನಿಂತಿತು. ಮರುವರ್ಷ ಜೆರೆಮಿ ಕ್ಲಾರ್ಕ್‌ಸನ್ ಮತ್ತು ನಿರ್ಮಾಪಕ ಆಂಡಿ ವಿಲ್ಮನ್ ಅದಕ್ಕೆ ಹೊಸ ರೂಪ ಕೊಟ್ಟರು. ಹಳೆಯ ವಿಮಾನ ನಿಲ್ದಾಣದಲ್ಲೊಂದು ಓಟದ ಹಾದಿ, ಮುಖ ತೋರಿಸದ ಚಾಲಕ ‘ಸ್ಟಿಗ್’, ಸಾಮಾನ್ಯ ಕಾರಿನಲ್ಲಿ ಸುತ್ತು ಹೊಡೆಯುವ ಸಿನಿಮಾ ತಾರೆಯರು. 2010ರಿಂದ 2013ರವರೆಗೆ ಆ ಸಾಮಾನ್ಯ ಕಾರು ಕಿಯಾ ಕಂಪನಿಯ ಸೀಡ್ ಆಗಿತ್ತು. ಟಾಮ್ ಕ್ರೂಸ್ ಅದನ್ನು ಎರಡೇ ಚಕ್ರದ ಮೇಲೆ ವಾಲುವಷ್ಟು ರಭಸದಿಂದ ಓಡಿಸಿದ ದೃಶ್ಯವನ್ನು ನೋಡಿದವರು ಮರೆತಿಲ್ಲ.

ಇಷ್ಟು ಜನಪ್ರಿಯವಾದ ಮೇಲೆ ಒಂದೊಂದೇ ದೇಶ ಅದನ್ನು ತನ್ನದಾಗಿಸಿಕೊಳ್ಳಲು ಹೊರಟಿತು. 2008ರಲ್ಲಿ ಆಸ್ಟ್ರೇಲಿಯಾ, 2009ರಲ್ಲಿ ರಷ್ಯಾ, 2010ರಲ್ಲಿ ಅಮೆರಿಕ, 2015ರಲ್ಲಿ ಫ್ರಾನ್ಸ್. ಕೊರಿಯಾದಲ್ಲಿ 2011ರ ಆಗಸ್ಟ್‌ನಲ್ಲಿ ಎಕ್ಸ್‌ಟಿಎಂ ವಾಹಿನಿ ಅದನ್ನು ಶುರು ಮಾಡಿತು. ನಟರಾದ ಕಿಮ್ ಕಾಪ್-ಸೂ ಮತ್ತು ಯೋನ್ ಜಂಗ್-ಹೂನ್, ಹಾಡುಗಾರ ಕಿಮ್ ಜಿನ್-ಪ್ಯೋ ಮೊದಲ ನಿರೂಪಕರು.

ಹೊರಜಗತ್ತಿಗೆ ಕೊರಿಯಾದ ಆವೃತ್ತಿಯ ಹೆಸರು ತಲುಪಿದ್ದು ಬಹುಮಟ್ಟಿಗೆ ಒಂದು ಅವಘಡದಿಂದ. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಕಾರ್ವೆಟ್ ಕಾರಿಗೂ ಕೋಬ್ರಾ ಹೆಲಿಕಾಪ್ಟರಿಗೂ ಪಂದ್ಯ ಚಿತ್ರೀಕರಿಸುತ್ತಿದ್ದಾಗ ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿತು. ಒಳಗಿದ್ದವರು ಬದುಕಿ ಉಳಿದರು. ಕೊರಿಯಾದ ಕಾರ್ಯಕ್ರಮ, ಆದರೆ ನೆಲ ಅಮೆರಿಕದ್ದು, ಕಾರು ಅಮೆರಿಕದ್ದು, ಹೆಲಿಕಾಪ್ಟರೂ ಅಮೆರಿಕದ್ದು. ಅಮೆರಿಕದ ಆವೃತ್ತಿ ಕಲಿತ ಪಾಠ ಇನ್ನೊಂದು ಬಗೆಯದು. ಆರಂಭದಲ್ಲಿ ಬ್ರಿಟನ್ನಿನ ಸ್ಟುಡಿಯೋ ಮಾತುಕತೆ, ತಾರೆಯರ ಸುತ್ತು ಎಲ್ಲವನ್ನೂ ಅನುಸರಿಸಿದ್ದ ಅದು ಬರಬರುತ್ತ ಅವನ್ನು ಬಿಟ್ಟು, ತನ್ನದೇ ನಾಡಿನ ಉದ್ದುದ್ದ ರಸ್ತೆಗಳಲ್ಲಿ ಹಳೆಯ ಕಾರುಗಳೊಂದಿಗೆ ಇಳಿಯಿತು. ಆರು ಸರಣಿಗಳ ಕಾಲ ಬಾಳಿತು.

ಭಾರತಕ್ಕೆ ಬಂದದ್ದು ಬ್ರಿಟಿಷ್ ತಂಡವೇ. 2011ರ ಡಿಸೆಂಬರ್‌ನಲ್ಲಿ ಪ್ರಸಾರವಾದ ಅದರ ಭಾರತ ವಿಶೇಷ ಕಂತು ಮುಂಬೈ, ಜೈಪುರ, ದೆಹಲಿ, ಹಿಮಾಲಯ ಸುತ್ತಿತು. ಶೌಚಾಲಯ ಜೋಡಿಸಿದ ಜಾಗ್ವಾರ್ ಕಾರಿನ ಹಾಸ್ಯ ಕಂಡು ಲಂಡನ್ನಿನ ಭಾರತೀಯ ಹೈಕಮಿಷನ್ ಪ್ರತಿಭಟಿಸಿತು. ಪ್ರತಿಭಟನೆ ನ್ಯಾಯವಾದದ್ದೇ. ನಮ್ಮ ರಸ್ತೆಗಳ ಕತೆಯನ್ನು ನಾವು ಹೇಳದೆ ಬಿಟ್ಟಾಗ ಹೊರಗಿನವರು ಬಂದು ತಮಗೆ ತೋಚಿದಂತೆ ಹೇಳುತ್ತಾರೆ ಎಂಬುದನ್ನೂ ಆ ಕಂತು ತೋರಿಸಿಕೊಟ್ಟಿತು.

ವಿದೇಶಿ ಕಾರ್ಯಕ್ರಮವನ್ನು ಕನ್ನಡಕ್ಕೆ ಒಗ್ಗಿಸುವುದು ಕನ್ನಡ ಟೀವಿಗೆ ಹೊಸದೇನಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯ ಕುರ್ಚಿಯಲ್ಲಿ ಕೂತಾಗ, ಬ್ರಿಟನ್ನಿನ ರಸಪ್ರಶ್ನೆ ಹಳ್ಳಿಯ ಮೇಷ್ಟ್ರು, ಗೃಹಿಣಿಯರ ಬದುಕಿನ ಮಾತಾಯಿತು. ಮರುವರ್ಷ ನೆದರ್ಲೆಂಡ್ಸ್ ಮೂಲದ ‘ಬಿಗ್ ಬಾಸ್’ ಸುದೀಪ್ ಅವರ ದನಿಯಲ್ಲಿ ಬಂತು. ಅದೇ 2012ರಲ್ಲಿ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಗಳಿಗೆ ಡಬ್ ಆದರೂ ಕನ್ನಡಕ್ಕೆ ಆಗಲಿಲ್ಲ. ಡಬ್ಬಿಂಗ್ ಬೇಡವೆಂದ ಉದ್ಯಮ ಹೊಸದಾಗಿ ಕಟ್ಟಿಕೊಳ್ಳುವ ದಾರಿಯನ್ನು ಹಿಡಿದಿತ್ತು. ಆದರೆ ಆ ದಾರಿಯಲ್ಲಿ ರಸಪ್ರಶ್ನೆ ಬಂತು, ಹಾಡು-ಕುಣಿತ ಬಂದವು, ಮೋಟಾರಿನ ಕಾರ್ಯಕ್ರಮ ಮಾತ್ರ ಬರಲಿಲ್ಲ.

ಸರಕಿಗೆ ಕೊರತೆಯಿತ್ತೇ? 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಜೀವ ಹಿಡಿದಂತೆ ಕಾಪಾಡಿಕೊಂಡ ಮೆಕ್ಯಾನಿಕ್‌ಗಳು ಮೈಸೂರಿನ ಗಲ್ಲಿಗಳಲ್ಲಿದ್ದಾರೆ. ‘ಆಟೋರಾಜ’ನಾಗಿ ಆಟೋ ಚಾಲಕರ ಮನೆಮಗನಾದ ಶಂಕರ್‌ನಾಗ್, 1985ರ ‘ಆಕ್ಸಿಡೆಂಟ್’ ಚಿತ್ರದಲ್ಲಿ ಗುದ್ದಿ ಓಡಿಹೋಗುವ ಸಿರಿವಂತರ ಕಾರಿನ ಕ್ರೌರ್ಯವನ್ನು ತೆರೆಗೆ ತಂದರು. 1990ರಲ್ಲಿ ಆನಗೋಡಿನ ಬಳಿ ರಸ್ತೆ ಅಪಘಾತವೇ ಅವರನ್ನು ಬಲಿ ತೆಗೆದುಕೊಂಡಿತು. ಗಡಿಯಾಚೆ ನೋಡಿದರೆ, ಮುಂದೆ ಹಿಂದೂಪುರದ ಶಾಸಕರಾದ ಎನ್.ಟಿ. ರಾಮರಾವ್ 1982ರಲ್ಲಿ ಹಳೆಯ ಷೆವರ್ಲೆ ವ್ಯಾನನ್ನು ‘ಚೈತನ್ಯ ರಥ’ವಾಗಿಸಿ, ಮಗ ಹರಿಕೃಷ್ಣನ ಕೈಗೆ ಸ್ಟೀರಿಂಗ್ ಕೊಟ್ಟು ಇಡೀ ಆಂಧ್ರ ತಿರುಗಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ರೇವಾ. ಚೇತನ್ ಮೈನಿಯವರ ಈ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದು, ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. ಯುರೋಪಿನ ಕಾನೂನಿನಲ್ಲಿ ಅದು ಕಾರಲ್ಲ, ಹಗುರ ನಾಲ್ಕುಚಕ್ರಿ. ಹಾಗಾಗಿ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕೆ ಬೇಕಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಬಳಗ ಆ ಪರೀಕ್ಷೆ ಮಾಡಿಸಿತು. ಕಾರು ನಜ್ಜುಗುಜ್ಜಾಯಿತು. ಮುಂದಿನ ಮಾದರಿ ಗಟ್ಟಿಯಾದ ಚೌಕಟ್ಟು, ಡಿಸ್ಕ್ ಬ್ರೇಕುಗಳೊಂದಿಗೆ ಬಂತು. ಬೆಂಗಳೂರಿನ ಕಾರನ್ನು ಬೆಂಗಳೂರಿನ ಭಾಷೆಯಲ್ಲಿ ಹೀಗೆ ಪರೀಕ್ಷೆಗೆ ಒಡ್ಡುವ ಕಾರ್ಯಕ್ರಮವೊಂದು ಆಗ ಇಲ್ಲಿರಬೇಕಿತ್ತು.

ಈಗಂತೂ ಇರಲೇಬೇಕು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷಕ್ಕೂ ಹೆಚ್ಚು. ಎರ್ರಮಂಚಿಯಲ್ಲೇ ತಯಾರಾದ ಸೆಲ್ಟೋಸ್‌ಗೆ 2020ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ದೊರೆತದ್ದು ಐದರಲ್ಲಿ ಮೂರು ನಕ್ಷತ್ರ, ಮಕ್ಕಳ ರಕ್ಷಣೆಗೆ ಎರಡು. 2023ರಿಂದ ಭಾರತದ್ದೇ ಆದ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಈ ನಕ್ಷತ್ರಗಳ ಅರ್ಥವೇನು, ಹಿಂದಿನ ಸೀಟಿನ ಮಗುವಿಗೆ ಬೆಲ್ಟ್ ಏಕೆ ಬೇಕು, ಲಗೇಜ್ ಆಟೋದಲ್ಲಿ ಕೂಲಿಯವರನ್ನು ತುಂಬಿದರೆ ಬ್ರೇಕ್ ಎಷ್ಟು ದೂರದಲ್ಲಿ ಹಿಡಿಯುತ್ತದೆ ಎಂಬುದನ್ನು ಕನ್ನಡದಲ್ಲಿ, ಕಣ್ಣೆದುರು ಮಾಡಿ ತೋರಿಸುವವರು ಬೇಕು. ಯೂಟ್ಯೂಬಿನಲ್ಲಿ ಕನ್ನಡದ ಹುಡುಗರು ಶ್ರದ್ಧೆಯಿಂದ ಕಾರು, ಬೈಕುಗಳ ವಿಮರ್ಶೆ ಮಾಡುತ್ತಿದ್ದಾರೆ. ಡಿಕ್ಕಿ ಪರೀಕ್ಷೆಗೆ, ಓಟದ ಹಾದಿಗೆ, ತಜ್ಞರಿಗೆ ಬೇಕಾದ ಹಣ ಮಾತ್ರ ದೊಡ್ಡ ವಾಹಿನಿಗಳಲ್ಲಿದೆ.

ಅಂಥ ವಾಹಿನಿ ಮನಸ್ಸು ಮಾಡಿದರೆ ಮೊದಲ ಸರಣಿಯನ್ನು ಈ ಗಡಿಯಲ್ಲೇ ತೆಗೆಯಬಹುದು. ಚಿಲಮತ್ತೂರಿನಿಂದ ಪಾವಗಡಕ್ಕೆ ಒಂದು ಟಾಟಾ ಏಸ್, ಒಂದು ಹಳೆಯ ಯೆಜ್ಡಿ, ಒಂದು ವಿದ್ಯುತ್ ಕಾರು ಹೊರಡಲಿ. ಪಾವಗಡದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿನ ನೆಲದಲ್ಲಿ ವಿದ್ಯುತ್ ಕಾರಿಗೆ ಚಾರ್ಜ್ ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತು ಕಾಯಬೇಕು, ಕಿಲೋಮೀಟರಿಗೆ ಎಷ್ಟು ಖರ್ಚು ಎಂಬುದನ್ನು ನಿರೂಪಕರು ದಾರಿಯಲ್ಲಿ ಸಿಕ್ಕ ಡ್ರೈವರುಗಳ ಜೊತೆ ಕನ್ನಡದಲ್ಲಿ, ತೆಲುಗಿನಲ್ಲಿ ಲೆಕ್ಕ ಹಾಕಲಿ.