ಹಿಮಲಿಂಗ ಕರಗಿದ ಲೆಕ್ಕ ಎಲ್ಲಿ?

(1/3)
2024ರಲ್ಲಿ ಅಮರನಾಥ ಯಾತ್ರೆ ಶುರುವಾಗಿ ವಾರ ಆಗಿತ್ತು ಅಷ್ಟೇ, ಹಿಮಲಿಂಗ ಕರಗಿಹೋಯ್ತು ಅಂತ ಸುದ್ದಿ ಬಂತು. ಆಮೇಲಿನ ಕಾಮೆಂಟ್ ಜಗಳ ನೋಡಿದ್ರಲ್ಲ? ಒಬ್ಬರು ಗ್ಲೋಬಲ್ ವಾರ್ಮಿಂಗ್ ಅಂತಾರೆ. ಇನ್ನೊಬ್ಬರು ಜನ ಜಾಸ್ತಿ ಆದ್ರು ಅಂತಾರೆ. ಮತ್ತೊಬ್ಬರು "ಕೇಳೋಕೆ ನೀನ್ಯಾರು" ಅಂತಾರೆ. ಮೂವರೂ ಒಂದೇ ಒಂದು ರೀಡಿಂಗ್ ತೋರಿಸಲ್ಲ. ನಾನು ಬಿಕಾಂ ಗುರು, ವೋಚರ್ ಇಲ್ಲದ ಎಂಟ್ರಿ ನಂಬಲ್ಲ.

(2/3)
ಗುಹೆ ಇರೋದು 3,888 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು. ಮೇಲಿಂದ ತೊಟ್ಟಿಕ್ಕೋ ನೀರು ಹೆಪ್ಪುಗಟ್ಟಿ ಲಿಂಗ ಆಗತ್ತೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅರ್ಧ ಡಿಗ್ರಿ ಹೆಚ್ಚಾದ್ರೂ ಅದಕ್ಕೆ ದೊಡ್ಡ ವ್ಯತ್ಯಾಸ. ಸುಮ್ಮನೆ ನಿಂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬರತ್ತೆ, ಹಳೇ ಕಾಲದ ಬಲ್ಬಿನಷ್ಟು. ಆ ವರ್ಷ ಹೋದವರು 5 ಲಕ್ಷಕ್ಕೂ ಹೆಚ್ಚು.

ಆದ್ರೆ ಬರೀ ಟೆಂಪರೇಚರ್ ಅಳೆದ್ರೆ ಅರ್ಧ ಲೆಕ್ಕ. ಗಾಳಿಯಲ್ಲಿರೋ ಆವಿ (ನಮ್ಮ ಉಸಿರಿಂದು ಕೂಡ) ಮಂಜುಗಡ್ಡೆ ಮೇಲೆ ಕೂತು ನೀರಾಗುವಾಗ ಶಾಖ ಬಿಡತ್ತೆ. 1 ಗ್ರಾಂ ಆವಿ ಹೀಗೆ ನೀರಾದ್ರೆ ಸುಮಾರು 7 ಗ್ರಾಂ ಮಂಜುಗಡ್ಡೆ ಕರಗಿಸುವಷ್ಟು! ತೇವಾಂಶವನ್ನೂ ಅಳೀಬೇಕು ಅನ್ನೋದು ಅದಕ್ಕೇ. ಅದು ಅಷ್ಟು ಸುಲಭ ಅಲ್ಲ: ತೇವಾಂಶ 100%ರ ಹತ್ತಿರ ಹೋದ್ರೆ ಅಗ್ಗದ ಸೆನ್ಸರ್ ಒದ್ದೆಯಾಗಿ ಏನೇನೋ ತೋರಿಸತ್ತೆ. ಗುಹೆಯ ಬಾಯಲ್ಲಿ ಒಂದನ್ನ ನೇತುಹಾಕಿ ಕೈತೊಳಕೊಂಡ್ರೆ ಹೊರಗಿನ ಗಾಳಿ ಅಳೆದ ಹಾಗಾಯ್ತು. ನೆಲದ ಹತ್ರ, ಚಾವಣಿ ಹತ್ರ, ಲಿಂಗದಿಂದ ಸ್ವಲ್ಪ ದೂರದಲ್ಲಿ, ಹೊರಗೂ ಒಂದು ಬೇಕು. ಹತ್ತು ನಿಮಿಷಕ್ಕೊಂದು ರೀಡಿಂಗ್, ವರ್ಷಪೂರ್ತಿ. ಯಾತ್ರೆ ಟೈಮಲ್ಲಿ ಮಾತ್ರ ಅಳೆದ್ರೆ ಹೋಲಿಸೋದು ಯಾವುದಕ್ಕೆ?

(3/3)
"ದೇವರಿಗೂ ಥರ್ಮಾಮೀಟರ್ ಇಡ್ತೀಯಾ?" ಅಂತ ಬರೆಯೋಕೆ ರೆಡಿ ಇರೋರಿಗೆ: ಇಡೋದು ದೇವರಿಗಲ್ಲ, ನಮ್ಮ ನೂಕುನುಗ್ಗಲಿಗೆ. ಯಾತ್ರೆ ನಿಲ್ಲಿಸಿ ಅಂತಾನೂ ನಾನು ಹೇಳ್ತಿಲ್ಲ. ಒಂದು ಸಲಕ್ಕೆ ಎಷ್ಟು ಜನರನ್ನ ಒಳಗೆ ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನೋದನ್ನ ಅಂದಾಜಿನ ಮೇಲೆ ಬಿಡಬೇಡಿ ಅಂತಿದ್ದೀನಿ.

ಕೋವಿಡ್‌ನಿಂದ 2020, 2021ರಲ್ಲಿ ಯಾತ್ರೆನೇ ನಡೀಲಿಲ್ಲ. ನಮ್ಮ ಭಾಷೇಲಿ ಆ ಎರಡು ಬೇಸಿಗೆ ಓಪನಿಂಗ್ ಬ್ಯಾಲೆನ್ಸ್. ಜನ ಇಲ್ಲದ ಗುಹೆಯ ಅಂಕಿ, ಜನ ಇದ್ದ ಗುಹೆಯ ಅಂಕಿ, ಹೊರಗಿನ ಹವೆಯ ಅಂಕಿ, ಮೂರನ್ನೂ ಅಕ್ಕಪಕ್ಕ ಇಟ್ರೆ ಬಿಸಿಲಿನ ಪಾಲೆಷ್ಟು, ನಮ್ಮ ಪಾಲೆಷ್ಟು ಅಂತ ಹೇಳೋಕೆ ಒಂದು ಆಧಾರ ಸಿಗತ್ತೆ. ಇವತ್ತು ಎಷ್ಟು ಜನ ದರ್ಶನ ಮಾಡಿದ್ರು ಅಂತ ದಿನಾ ಸುದ್ದಿ ಬರತ್ತೆ. ಅದೇ ಸಾಲಲ್ಲಿ ಗುಹೆಯ ಟೆಂಪರೇಚರ್, ತೇವಾಂಶ ಎರಡೂ ಹಾಕಲಿ.

ಮುಂದಿನ ಜುಲೈನಲ್ಲಿ "ಕರಗಿತು" ಅನ್ನೋ ಪೋಸ್ಟ್ ಶೇರ್ ಮಾಡೋ ಮುಂಚೆ ಅದರ ಕೆಳಗೆ ಕೇಳಿ: ಒಳಗೆ ಎಷ್ಟು ಡಿಗ್ರಿ ಇತ್ತು, ತೇವಾಂಶ ಎಷ್ಟಿತ್ತು, ಅಳೆದೋರು ಯಾರು?

#ಅಮರನಾಥ #ಲೆಕ್ಕಕೊಡಿ