ಸುಂಕದ ಕಟ್ಟೆಯೂ ಮಗ್ಗದ ಕುಣಿಯೂ

ಪರದೇಶದ ಸರಕು ಯಾವ ಅಡ್ಡಿಯೂ ಇಲ್ಲದೆ ಒಳಬಂದಷ್ಟೂ ನಾಡಿಗೆ ಹಿತವೆಂಬ ಮತವು 1991ರಿಂದೀಚೆಗೆ ವಿದ್ಯಾವಂತರ ಮನೆಗಳಲ್ಲಿ ಆಪ್ತವಾಕ್ಯದ ಪದವಿಯನ್ನು ಪಡೆದುಕೊಂಡಿದೆ. ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳತಕ್ಕದ್ದು. ಯಾವುದರಲ್ಲಿ ಕುಶಲತೆಯುಂಟೋ ಅದನ್ನಷ್ಟೇ ಮಾಡಿ ಮಾರತಕ್ಕದ್ದು. ಸುಂಕವೆಂಬುದು ಕೊಳ್ಳುವವನ ಗಂಟಿಗೆ ಹಾಕುವ ಕತ್ತರಿ. ಇಷ್ಟು ಆ ಮತದ ಸಾರ. ಕೇಳುವುದಕ್ಕೆ ಇದು ಸೊಗಸಾಗಿಯೇ ಇದೆ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಜನರು ಇದರ ಫಲವನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾದುದಿಲ್ಲ. ಅವರ ಹಿರಿಯರ ಹೊಲಮನೆಗಳ ಮೇಲೆಯೇ ಇದರ ಪರೀಕ್ಷೆಯು ನೂರು ವರುಷಕ್ಕೂ ಮಿಕ್ಕಿ ನಡೆದಿದೆ.

ಈ ಸೀಮೆಯು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮೊದಲು ಧಾರವಾಡ ಜಿಲ್ಲೆಯ ಭಾಗವಾಗಿದ್ದಿತು. ಇಲ್ಲಿ ಒಕ್ಕಲಿಗನು ಹತ್ತಿ ಬೆಳೆದರೆ, ಹೆಂಗಸರು ಅರಳೆಯನ್ನು ಹಂಜಿ ಮಾಡಿ ರಾಟಿಯಲ್ಲಿ ನೂಲುತ್ತಿದ್ದರು. ಆ ನೂಲು ನೇಕಾರನ ಮಗ್ಗಕ್ಕೆ ಹೋಗಿ ಅರಿವೆಯಾಗಿ ಬರುತ್ತಿತ್ತು. ಒಂದೇ ಬೆಳೆಯಿಂದ ಮೂರು ಮನೆಗಳಿಗೆ ದುಡಿಮೆ. 1813ರಲ್ಲಿ ಕಂಪನಿ ಸರಕಾರದ ಏಕಸ್ವಾಮ್ಯವು ಮುರಿದು, ಮ್ಯಾಂಚೆಸ್ಟರಿನ ನೂಲು ಅರಿವೆಗಳಿಗೆ ಹಾದಿ ತೆರೆದ ಬಳಿಕ ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು.

ಇಷ್ಟಕ್ಕೂ ಆ ಮ್ಯಾಂಚೆಸ್ಟರ ಬೆಳೆದದ್ದು ಹೇಗೆ? ಹಿಂದುಸ್ಥಾನದ ಬಣ್ಣದ ಅರಿವೆಗಳ ಆಮದನ್ನು ಇಂಗ್ಲಂಡವು 1700ರ ಕಾಯಿದೆಯಿಂದ ತಡೆಯಿತು. 1721ರ ಕಾಯಿದೆಯಿಂದ ಅಂಥ ಅರಿವೆಯನ್ನು ಉಡುವುದನ್ನೂ ನಿಷೇಧಿಸಿತು. ಹೀಗೆ ಬೇಲಿಯೊಳಗೆ ಸಸಿಯನ್ನು ಬೆಳೆಸಿ, ಅದು ಹೆಮ್ಮರವಾದ ಮೇಲೆ, ಬೇಲಿ ಹಾಕುವುದು ಶಾಸ್ತ್ರವಿರುದ್ಧವೆಂದು ಅನ್ಯರಿಗೆ ಉಪದೇಶಿಸಿತು. 1882ರಲ್ಲಿ ಪರದೇಶದ ಹತ್ತಿಯ ಅರಿವೆಗಳ ಮೇಲಿನ ಸುಂಕವನ್ನು ಇಲ್ಲಿಯ ಸರಕಾರವು ಪೂರ್ತಿಯಾಗಿ ತೆಗೆದುಹಾಕಿತು. ಬೊಕ್ಕಸಕ್ಕೆ ಹಣ ಬೇಕಾಗಿ ಸುಂಕವನ್ನು ತಿರುಗಿ ಹಾಕಿದಾಗ, 1896ರಲ್ಲಿ ಒಳಬರುವ ಅರಿವೆಗೆ ಶೇಕಡಾ ಮೂರೂವರೆ ಕಟ್ಟಿ, ಅಷ್ಟನ್ನೇ ಹಿಂದೀ ಗಿರಣಿಗಳ ಅರಿವೆಯ ಮೇಲೆಯೂ ಹೇರಿತು. ಈ ಅನ್ಯಾಯವು 1925ರ ಕೊನೆಯವರೆಗೆ ನಡೆಯಿತು. ಮುಕ್ತ ವ್ಯಾಪಾರವೆಂಬ ಹೆಸರಿನಲ್ಲಿ ಮುಕ್ತರಾದವರು ಯಾರು, ಬದ್ಧರಾದವರು ಯಾರು ಎಂಬುದನ್ನು ವಾಚಕರು ಇದರಿಂದಲೇ ಊಹಿಸಬಹುದು.

ಅತ್ತ ಅರಿವೆಯು ಒಳಬರುತ್ತಿರಲು ಇತ್ತ ಹತ್ತಿಯು ಹೊರಹೋಗತೊಡಗಿತು. 1840ರ ದಶಕದಲ್ಲಿ ಅಮೇರಿಕದ ಹತ್ತಿಯ ಜಾತಿಯನ್ನು ಧಾರವಾಡ ಪ್ರಾಂತದಲ್ಲಿ ಬೆಳೆಸುವ ಪ್ರಯತ್ನವಾಯಿತು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವಾದಾಗ ಹತ್ತಿಯ ಬೆಲೆ ಗಗನಕ್ಕೇರಿತು. ಈ ಪ್ರಾಂತದ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗಿ, ವಿಲಾಯತಿಯ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಯಿತು. ಹತ್ತಿಗೆ ಬಂದರಿನ ಹೆಸರು ಬಂದಿತು. ನೂಲುವವಳ ಕೈಗೆ ಕೆಲಸವಿಲ್ಲದಾಯಿತು. ಯುದ್ಧ ಮುಗಿದು ಬೆಲೆಯು ಕುಸಿಯಿತು. ಬಳಿಕ 1876-78ರ ದೊಡ್ಡ ಬರವು ಬಂದಾಗ ಮಳೆಯೊಂದನ್ನೇ ನಂಬಿದ ಮನೆಗಳಿಗೆ ಎರಡನೆಯ ಆಸರೆಯಿರಲಿಲ್ಲ. ಉದ್ಯಮವೆಂಬುದು ಶ್ರೀಮಂತರ ಅಲಂಕಾರವಲ್ಲ, ಬಡವರ ಊರುಗೋಲೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇದಕ್ಕೆ ಪೂರ್ವಪಕ್ಷದವರು ಹೇಳುವುದೇನೆಂದರೆ: ಸುಂಕವಿದ್ದರೂ ಇಲ್ಲದಿದ್ದರೂ ಯಂತ್ರದ ಮುಂದೆ ರಾಟಿಯು ನಿಲ್ಲುತ್ತಿರಲಿಲ್ಲ. ಒಪ್ಪಬಹುದಾದ ಮಾತು. ಆದರೆ ಪ್ರಶ್ನೆಯು ರಾಟಿ ಮತ್ತು ಯಂತ್ರಗಳ ನಡುವಿನದಲ್ಲ. ಯಂತ್ರವು ಯಾರ ಊರಿನಲ್ಲಿ ನಿಲ್ಲಬೇಕೆಂಬುದು. ಮುಂಬಯಿಯಲ್ಲಿ 1854ರಲ್ಲಿಯೇ ಹತ್ತಿಯ ಗಿರಣಿಗೆ ಅಡಿಪಾಯ ಬಿದ್ದಿತ್ತು. ರಾಟಿಯ ಕೆಲಸ ಹೋದವರಿಗೆ ಗಿರಣಿಯ ಕೆಲಸ ಸಿಗುವಂತೆ ಆ ಎಳೆಯ ಉದ್ಯಮವನ್ನು ಕಾಯಬೇಕಾಗಿದ್ದ ಸರಕಾರವೇ ಅದರ ಮೇಲೆ ತೆರಿಗೆಯನ್ನು ಹೇರಿತು.

ಕಾಯ್ದರೆ ಏನಾಗುತ್ತದೆಂಬುದಕ್ಕೆ ಸಕ್ಕರೆಯೇ ನಿದರ್ಶನ. ಜಾವಾ ದ್ವೀಪದ ಸಕ್ಕರೆಯು ಪೇಟೆಗಳನ್ನು ತುಂಬಿದ್ದ ಕಾಲದಲ್ಲಿ, 1932ರಲ್ಲಿ, ರಕ್ಷಣಾಸುಂಕದ ಕಾಯಿದೆಯಾಯಿತು. ಆಗ ದೇಶದಲ್ಲಿ ಸುಮಾರು 30 ಇದ್ದ ಕಾರಖಾನೆಗಳು ಐದೇ ವರುಷಗಳಲ್ಲಿ 130ನ್ನು ಮೀರಿದವು. ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾದುದು 1933ರಲ್ಲಿ. ಕೊಳ್ಳುವವನು ಕೆಲಕಾಲ ನಾಲ್ಕು ಕಾಸು ಹೆಚ್ಚು ತೆತ್ತದ್ದು ನಿಜ. ಅದಕ್ಕೆ ಬದಲಾಗಿ ಕಾವೇರಿಯ ಕಾಲುವೆಯ ಬಯಲಿನಲ್ಲಿ ಕಬ್ಬೂ ಕೂಲಿಯೂ ಸಂಬಳವೂ ಹುಟ್ಟಿದವು.

ಹಾಗೆಂದು ಬೇಲಿಯೊಂದಿದ್ದರೆ ಸಾಕೆಂದು ತಿಳಿಯುವುದೂ ಮೌಢ್ಯವೇ ಸರಿ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರದ ಕಾರಖಾನೆಯು ದೇಶದ ಮನೆಮನೆಗಳಿಗೆ ವೇಳೆಯನ್ನು ತೋರಿಸಿತು. ಆದರೆ ಕಾಲವು ಬದಲಾಗಿ ಕ್ವಾರ್ಟ್ಜ್ ಗಡಿಯಾರಗಳು ಬಂದಾಗ ಅದು ಹೆಚ್ಚಾಗಿ ಕೀಲಿ ಕೊಡುವ ಗಡಿಯಾರಗಳನ್ನೇ ನಂಬಿ ಕುಳಿತಿತು. ಹೊಸೂರಿನಲ್ಲಿ ಹುಟ್ಟಿದ ಟೈಟಾನ್, ಅದೂ ಸ್ವದೇಶದ್ದೇ, ಪೇಟೆಯನ್ನು ಕೈವಶ ಮಾಡಿಕೊಂಡಿತು. ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು 2016ರಲ್ಲಿ ಸಮ್ಮತಿಸಿತು. ರಕ್ಷಣೆಯು ತೊಟ್ಟಿಲಾಗಬೇಕೇ ಹೊರತು ಹಾಸಿಗೆಯಾಗಬಾರದು. ಅವಧಿಯನ್ನು ಗೊತ್ತುಮಾಡದೆ, ಗುಣದ ಲೆಕ್ಕವನ್ನು ಕೇಳದೆ ಕೊಟ್ಟ ರಕ್ಷಣೆಯು ಆಲಸ್ಯಕ್ಕೆ ಕೊಟ್ಟ ದಾನವಾಗುತ್ತದೆ.

ಅವಧಿಯಿಲ್ಲದ ರಕ್ಷಣೆಯಂತೆಯೇ ಸ್ಥಿರತೆಯಿಲ್ಲದ ರಕ್ಷಣೆಯೂ ಹಾನಿಕರ. ಕಚ್ಚಾ ರೇಷ್ಮೆಯ ಆಮದುಸುಂಕವು 2011ರಲ್ಲಿ ಶೇಕಡಾ 30ರಿಂದ ಒಮ್ಮೆಲೇ 5ಕ್ಕೆ ಇಳಿಯಿತು. ಚೀನದ ನೂಲಿನ ಬೆಲೆಯ ಮುಂದೆ ಕರ್ನಾಟಕದ ಗೂಡಿನ ಬೆಲೆ ಕುಸಿದು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು 15ಕ್ಕೆ ಏರಿಸಿದರು. ಬಳಿಕ 10ಕ್ಕೆ ಇಳಿಸಿ 2021ರಲ್ಲಿ ತಿರುಗಿ 15ಕ್ಕೆ ಏರಿಸಿದರು. ಅಗ್ಗದ ನೂಲಿನಿಂದ ಮಗ್ಗದವನಿಗೆ ಲಾಭವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಿಪ್ಪುನೇರಳೆಯನ್ನು ನೆಟ್ಟವನು ಹತ್ತಾರು ವರುಷಗಳ ಭರವಸೆಯಿಂದ ನೆಟ್ಟಿರುತ್ತಾನೆ. ಒಂದು ಅಂದಾಜುಪತ್ರಿಕೆಯ ಸಾಲಿನಿಂದ ಕಿತ್ತ ತೋಟವನ್ನು ಮತ್ತೊಂದು ಸಾಲಿನಿಂದ ಚಿಗುರಿಸಲಿಕ್ಕಾಗದು.

ಈಗ ಅದೇ ಆಟವು ಹತ್ತಿಯ ಮೇಲೆ ನಡೆದಿದೆ. ಧಾರವಾಡದ ಕೃಷಿ ಸಂಶೋಧಕರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರತಳಿಯನ್ನೂ 1981ರಲ್ಲಿ ಡಿ.ಸಿ.ಎಚ್. 32 ಎಂಬ ಅತಿ ಉದ್ದ ಎಳೆಯ ತಳಿಯನ್ನೂ ನಾಡಿಗೆ ಕೊಟ್ಟರು. ನಯವಾದ ನೂಲಿಗೆ ಪರದೇಶದ ಹತ್ತಿಯೇ ಬೇಕೆಂಬ ಮಾತಿಗೆ ಇದೇ ನೆಲದಿಂದ ಬಂದ ಉತ್ತರವದು. ಅಂಥ ಅತಿ ಉದ್ದ ಎಳೆಯ ಹತ್ತಿಯ ಆಮದುಸುಂಕವನ್ನು 2024ರ ಫೆಬ್ರುವರಿಯಲ್ಲಿ ತೆಗೆದುಹಾಕಿದರು. 2025ರ ಆಗಸ್ಟ್ 19ರಿಂದ ಎಲ್ಲ ಹತ್ತಿಯ ಮೇಲಿನ ಶೇಕಡಾ 11ರ ಸುಂಕವನ್ನು ಬಿಟ್ಟು, ಆ ಬಿಡುವನ್ನು ಡಿಸೆಂಬರ್ 31ರವರೆಗೆ ಬೆಳೆಸಿದರು. ಹೊಲದಲ್ಲಿ ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳೇ ಅವು. ಅದೇ ಆಗಸ್ಟಿನ 27ರಂದು ಅಮೇರಿಕವು ಹಿಂದೀ ಸರಕುಗಳಲ್ಲಿ ಬಹುಪಾಲಿನ ಮೇಲೆ ಶೇಕಡಾ 50ರ ಸುಂಕವನ್ನು ಹಾಕಿತು. ಮುಕ್ತ ವ್ಯಾಪಾರದ ಮಠಾಧಿಪತಿಯೆನಿಸಿದ ದೇಶವು ತನ್ನ ಬಾಗಿಲನ್ನು ಮುಚ್ಚಿಕೊಂಡಿತು. ಆ ಪೆಟ್ಟಿನಿಂದ ಗಿರಣಿಗಳನ್ನು ಉಳಿಸಲು ಇಲ್ಲಿಯ ಒಕ್ಕಲಿಗನ ಬಾಗಿಲನ್ನು ತೆರೆದಿಟ್ಟರು. ಗಿರಣಿಗಳಿಗೆ ಆಸರೆ ಬೇಕಾಗಿತ್ತು, ನಿಜ. ಆದರೆ ಆ ಆಸರೆಯ ವೆಚ್ಚವನ್ನು ಬೊಕ್ಕಸವು ಹೊರಬೇಕಾಗಿತ್ತೇ ಹೊರತು ಹತ್ತಿ ಬೆಳೆದವನೊಬ್ಬನೇ ಅಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು 1909ರಲ್ಲಿ ಶಾಮಶಾಸ್ತ್ರಿಗಳಿಂದ ಪ್ರಕಟವಾದ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಧರ್ಮವನ್ನು ಕೌಟಿಲ್ಯನು ನಿರೂಪಿಸಿದ್ದಾನೆ. ಹೊರಗಿನಿಂದ ಬರುವ ಸರಕಿಗೆ ಸಾಮಾನ್ಯವಾಗಿ ಮೌಲ್ಯದ ಐದನೆಯ ಒಂದು ಪಾಲನ್ನು ವಿಧಿಸುವ ಅವನೇ, ನಾಡಿಗೆ ಪೀಡೆಯಾಗುವ ಸರಕನ್ನು ತಡೆಯಬೇಕೆಂದೂ, ಬಹಳ ಉಪಕಾರಕವಾದುದನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಬರಮಾಡಿಕೊಳ್ಳಬೇಕೆಂದೂ ಹೇಳಿದ್ದಾನೆ. ಎಲ್ಲಕ್ಕೂ ಬಾಗಿಲು ತೆರೆ ಎಂದೂ ಇಲ್ಲ, ಎಲ್ಲಕ್ಕೂ ಮುಚ್ಚು ಎಂದೂ ಇಲ್ಲ. ವಿವೇಚಿಸಿ ನಡೆ ಎಂಬುದೇ ತಾತ್ಪರ್ಯ. ಇಲ್ಲಿ ಮಾಡಲಾಗದ ಯಂತ್ರವೂ ಬೀಜವೂ ಹಗುರಾದ ಸುಂಕದಿಂದ ಬರಲಿ. ಇಲ್ಲಿಯೇ ಆಗಬಲ್ಲ ಸಿದ್ಧ ಸರಕಿಗೆ ಗೊತ್ತಾದ ಅವಧಿಯವರೆಗೆ ಸುಂಕವಿರಲಿ; ಅವಧಿಯು ಮುಗಿದಾಗ ಉದ್ಯಮದವರು ಗುಣವನ್ನೂ ಬೆಲೆಯನ್ನೂ ತೋರಿಸಿ ಲೆಕ್ಕವೊಪ್ಪಿಸಲಿ. ಬೆಳೆ ಪೇಟೆಗೆ ಬರುವ ತಿಂಗಳಲ್ಲಿ ಸುಂಕವನ್ನು ಅಲುಗಿಸದಿರಲಿ. ಪರರಾಷ್ಟ್ರಗಳೊಡನೆ ಮಾಡಿಕೊಳ್ಳುವ ಕರಾರುಗಳು ಸಹಿಯಾಗುವ ಮೊದಲೇ ಜನರ ಭಾಷೆಯಲ್ಲಿ ಜನರ ಮುಂದೆ ಬರಲಿ.

ಹಾನಗಲ್ಲಿನ ನೆರೆಯ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿ, 1930ರ ದಾಂಡಿಯ ಯಾತ್ರೆಯಲ್ಲಿ ನಡೆದ ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟರು. ಆ ತಲೆಮಾರಿನವರು ಖಾದಿಯನ್ನು ಉಟ್ಟದ್ದು ಅದು ಅಗ್ಗವೆಂದಲ್ಲ. ಸರಕಾರವು ಹಾಕಲೊಲ್ಲದ ಸುಂಕವನ್ನು ಅವರು ತಮ್ಮ ಮೇಲೆ ತಾವೇ ಹಾಕಿಕೊಂಡಿದ್ದರು. ಇಂದು ಸರಕಾರವು ಜನರದೇ ಆಗಿರುವಾಗ, ಸುಂಕದ ಕಟ್ಟೆಯಲ್ಲಿ ನಡೆಯುವ ನಿರ್ಣಯಗಳನ್ನು ಕೇಳಿ ತಿಳಿಯುವುದೂ ಪ್ರಶ್ನಿಸುವುದೂ ಓದುಬರಹ ಬಲ್ಲ ಪ್ರತಿಯೊಂದು ಮನೆಯವರ ಕರ್ತವ್ಯವಾಗಿರುತ್ತದೆ.