ಮಜೂರಿ ಲೆಕ್ಕದಲ್ಲಿ ಕಾಣದ ಗಂಟೆಗಳು

ಕೈಗೆ ಬರುವ ರೂಪಾಯಿಯ ಮೊತ್ತವನ್ನು ಹಣರೂಪದ ಕೂಲಿಯೆಂದೂ, ಆ ಮೊತ್ತಕ್ಕೆ ಸಂತೆಯಲ್ಲಿ ಎಷ್ಟು ಜೋಳ, ಎಷ್ಟು ಎಣ್ಣೆ ಸಿಗುತ್ತದೆಂಬುದನ್ನು ನೈಜ ಕೂಲಿಯೆಂದೂ ಅರ್ಥಶಾಸ್ತ್ರ ಕರೆಯುತ್ತದೆ. ಆದರೆ ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಲ್ಲಿ ಸೀರೆಗೆ ಇಷ್ಟೆಂದು ಮಜೂರಿ ಪಡೆಯುವ ನೇಕಾರರ ನೈಜ ಕೂಲಿಯ ಕುಸಿತ ರೂಪಾಯಿಯ ಲೆಕ್ಕಕ್ಕೆ ಸಿಗದೆ, ದುಡಿಮೆಯ ಗಂಟೆಗಳೊಳಗೆ ಅಡಗಿ ಕೂರುತ್ತದೆ. ದಿನಕ್ಕೆ 10 ಗಂಟೆ ನೇಯುವವನ ಮಜೂರಿ ದರ ಹಾಗೆಯೇ ಉಳಿದು ಬೆಲೆಗಳು ಶೇ 20ರಷ್ಟು ಏರಿದವೆಂದು ಇಟ್ಟುಕೊಂಡರೆ, ಮೊದಲಿನಷ್ಟೇ ಸಂತೆ ಮಾಡಲು ಅವನು 12 ಗಂಟೆ ಮಗ್ಗದ ಮುಂದೆ ನಿಲ್ಲಬೇಕು. ತಿಂಗಳ ಗಳಿಕೆಯನ್ನಷ್ಟೇ ನೋಡುವವರಿಗೆ ಅವನ ಆದಾಯ ಬೆಲೆಗೆ ಸರಿಸಮನಾಗಿ ಏರಿದಂತೆ ಕಾಣುತ್ತದೆ.

ಎಳೆ ಹರಿದಾಗ, ಕರೆಂಟ್ ಹೋದಾಗ, ಹಾಸುನೂಲು ಸುತ್ತಿದ ಬೀಮ್ ಮುಗಿದು ಹೊಸ ಬೀಮಿನ ಎಳೆಗೆ ಎಳೆ ಕೂಡಿಸುವಾಗ ಮಗ್ಗ ನಿಂತರೂ ನೇಕಾರ ಮನೆಗೆ ಹೋಗುವಂತಿಲ್ಲ. ಆ ಹೊತ್ತಿಗೆ ಸೀರೆಯ ದರದಲ್ಲಿ ಬೇರೆ ಬೆಲೆಯೂ ಇಲ್ಲ. ಲಾಳಿಗೆ ಬೇಕಾದ ಕಂಡಿಕೆಯನ್ನು, ಅಂದರೆ ನೂಲಿನ ಸುರುಳಿಯನ್ನು, ಮನೆಯ ಹೆಣ್ಣುಮಕ್ಕಳು ಅಡುಗೆಯ ನಡುವೆಯೇ ಸುತ್ತಿಕೊಡುವಲ್ಲಿ, ಒಂದು ಸೀರೆಯ ಮಜೂರಿಯಲ್ಲಿ ಇಬ್ಬರ ಶ್ರಮವಿದ್ದರೂ ಲೆಕ್ಕಕ್ಕೆ ಬರುವುದು ಒಬ್ಬರದು ಮಾತ್ರ. ಹೀಗಾಗಿ ಗಂಟೆಗೆ ಸಿಗುವ ಕೂಲಿ ಎಷ್ಟೆಂದು ಕೇಳದೆ ನೇಕಾರರ ಬದುಕು ಸುಧಾರಿಸಿತೆಂದು ಹೇಳುವುದು ಸರಿಯಲ್ಲ.

ಕಾನೂನಿಗೆ ಈ ಅಪಾಯ ತಿಳಿಯದ್ದೇನಲ್ಲ. ಕಾಲದ ಲೆಕ್ಕದಲ್ಲಿ ಕನಿಷ್ಠ ಕೂಲಿ ನಿಗದಿಯಾಗಿರುವ ಉದ್ಯೋಗದಲ್ಲಿ ತುಂಡು ಕೂಲಿಗೆ, ಅಂದರೆ ಮಾಡಿದ ಮಾಲಿನ ಲೆಕ್ಕದ ಕೂಲಿಗೆ, ದುಡಿಯುವವರಿಗೂ ಅದಕ್ಕಿಂತ ಕಡಿಮೆ ಕೊಡಕೂಡದೆಂದು 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮು ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ಗಂಟೆಯ ದಾಖಲೆಯೇ ಇಲ್ಲದ ಶೆಡ್ಡಿನಲ್ಲಿ ಇದನ್ನು ಸಾಬೀತುಪಡಿಸುವುದು ಹೇಗೆಂಬುದು ಮಾತ್ರ ಬಗೆಹರಿದಿಲ್ಲ. ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದ 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕಾರ್ಮಿಕರಿದ್ದರೆ ಮಾತ್ರ ಅನ್ವಯಿಸುತ್ತಿತ್ತು. ಅದರ ಬದಲಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ನಾಲ್ಕಾರು ಮಗ್ಗಗಳ ಮನೆ ಅಂದೂ ಹೊರಗಿತ್ತು, ಇಂದೂ ಹೊರಗೇ ಇದೆ.

ಸಾವಳಗಿ ಸೀಮೆಯ ಕಬ್ಬಿನ ಹೊಲಗಳಲ್ಲೂ ಟನ್ನಿನ ಲೆಕ್ಕದ ಕಟಾವಿಗೆ ಇದೇ ತರ್ಕ ಅನ್ವಯಿಸುತ್ತದೆ: ಲಾರಿ ಬರುವವರೆಗೆ ಕಾಯುವ ಹೊತ್ತನ್ನು ಟನ್ನು ಅಳೆಯುವುದಿಲ್ಲ. ಇನ್ನು ದರದ ಮಾತಿಗೆ ಬಂದರೆ, ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ಕರ್ನಾಟಕದಲ್ಲಿ 2024-25ರ 349 ರೂಪಾಯಿಯಿಂದ 2025-26ರಲ್ಲಿ 370ಕ್ಕೆ ಏರಿತು. ಅದು ಸಾಕೋ ಸಾಲದೋ, ಪ್ರತಿ ವರ್ಷ ಬೆಲೆ ಸೂಚ್ಯಂಕವನ್ನು ನೋಡಿ ದರ ಪರಿಷ್ಕರಿಸುವ ಒಂದು ಕ್ರಮವಾದರೂ ಅಲ್ಲಿತ್ತು. ಸೀರೆಯ ಮಜೂರಿಗೆ ಅಂಥ ಕ್ರಮ ಬರಬೇಕಾದರೆ, ಮಾಲೀಕರು ಮತ್ತು ನೇಕಾರರು ದರ ಮಾತಾಡುವ ಪ್ರತಿ ಸಲವೂ ಒಂದು ಸೀರೆಗೆ ಕಂಡಿಕೆಯಿಂದ ಮಡಿಕೆಯವರೆಗೆ ಹಿಡಿಯುವ ಒಟ್ಟು ಗಂಟೆಗಳನ್ನು ಕಾರ್ಮಿಕ ಇಲಾಖೆಯ ಎದುರು ಮೊದಲು ಬರೆದಿಟ್ಟು, ಆಮೇಲೆ ರೂಪಾಯಿಯ ಮಾತಿಗೆ ಕೂರಬೇಕು.